ಧೋಂಡಿಯ ವಾಘ್: ಸೈನ್ಯ ಬಿಟ್ಟು ಹೋದವನಿಗೆ ಯಾವ ಕಾನೂನು?

ಸ್ಟೇಟ್ ಸಿಲೆಬಸ್‌ನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರಿಗೆಲ್ಲ ಧೋಂಡಿಯ ವಾಘ್ ಹೆಸರು ಗೊತ್ತುಂಟು. ಬ್ರಿಟಿಷರ ವಿರುದ್ಧ ಕರ್ನಾಟಕದಲ್ಲಿ ನಡೆದ ಹೋರಾಟಗಳ ಪಾಠದಲ್ಲಿ ಸಂಗೊಳ್ಳಿ ರಾಯಣ್ಣ, ಅಮರ ಸುಳ್ಯ ಇವುಗಳ ಜೊತೆ ಇವನೂ ಬರ್ತಾನೆ. ಹುಟ್ಟಿದ್ದು ಎಲ್ಲಿ, ಸತ್ತದ್ದು ಎಲ್ಲಿ, ಕೊಂದದ್ದು ಯಾರು ಅಂತ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ನಾವೆಲ್ಲ ಅಲ್ಲಿಗೇ ಬಿಟ್ಟಿದ್ದೇವೆ. ಆದರೆ ಅವನ ಬದುಕಿನಲ್ಲಿ ಒಂದು ವಿಷಯ ಉಂಟು, ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಈ ಮನುಷ್ಯ ಯುದ್ಧದ ಮಧ್ಯದಲ್ಲಿ ತನ್ನ ಸುಲ್ತಾನನ ಸೈನ್ಯ ಬಿಟ್ಟು ಹೋದವನು. ಇಂಗ್ಲಿಷಿನಲ್ಲಿ ಅದಕ್ಕೆ ಡೆಸರ್ಷನ್ ಅಂತಾರೆ. ಯಾವ ದೇಶದ ಸೈನ್ಯದಲ್ಲಾದರೂ ಅದು ಬಹಳ ದೊಡ್ಡ ಅಪರಾಧ. ಹಾಗಾದರೆ ಅವನಿಗೆ ಏನು ಶಿಕ್ಷೆ ಆಯಿತು? ಕೊಟ್ಟದ್ದು ಯಾರು? ಯಾವ ಕಾನೂನಿನ ಪ್ರಕಾರ?

ಧೋಂಡಿಯ ಹುಟ್ಟಿದ್ದು ಚನ್ನಗಿರಿಯಲ್ಲಿ, ಈಗಿನ ದಾವಣಗೆರೆ ಜಿಲ್ಲೆ. ಮರಾಠಾ ಮನೆತನ. ವಾಘ್ ಅಂದರೆ ಹುಲಿ. ಹೈದರಾಲಿಯ ಕಾಲದಲ್ಲಿ ಸಾಮಾನ್ಯ ಕುದುರೆ ಸವಾರನಾಗಿ ಮೈಸೂರು ಸೈನ್ಯಕ್ಕೆ ಸೇರಿದ. ಹೈದರಾಲಿ 1782ರಲ್ಲಿ ತೀರಿಕೊಂಡ ಮೇಲೆ ಟಿಪ್ಪುವಿನ ಕೈಕೆಳಗೆ ಮುಂದುವರಿದ. ಆಗಿನ ಕಾಲಕ್ಕೆ ಸವಾರನ ಕೆಲಸ ಅಂದರೆ ಒಳ್ಳೆಯ ಕೆಲಸವೇ. ಕುದುರೆ ಓಡಿಸಲು, ಕತ್ತಿ ಹಿಡಿಯಲು ಬಂದರೆ ಬಡ ಮನೆಯ ಹುಡುಗನೂ ಮೇಲೆ ಬರಬಹುದಿತ್ತು. ಹೈದರಾಲಿಯೇ ಹಾಗೆ ಮೇಲೆ ಬಂದವನಲ್ವಾ?

1790ರಲ್ಲಿ ಮೂರನೇ ಮೈಸೂರು ಯುದ್ಧ ಶುರುವಾಯಿತು. ಒಂದು ಕಡೆ ಟಿಪ್ಪು ಒಬ್ಬನೇ. ಇನ್ನೊಂದು ಕಡೆ ಲಾರ್ಡ್ ಕಾರ್ನ್‌ವಾಲಿಸನ ಕಂಪೆನಿ ಸೈನ್ಯ, ಮರಾಠರು, ಹೈದರಾಬಾದಿನ ನಿಜಾಮ, ಮೂವರೂ ಒಟ್ಟಿಗೆ. 1791ರಲ್ಲಿ ಬೆಂಗಳೂರಿನ ಕೋಟೆ ಹೋಯಿತು, ಧಾರವಾಡದ ಕೋಟೆಯೂ ಹೋಯಿತು. ಈ ಗಲಾಟೆಯ ನಡುವೆ ಧೋಂಡಿಯ ಕೆಲವು ಜನರನ್ನು ಕಟ್ಟಿಕೊಂಡು, ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು, ಟಿಪ್ಪುವಿನ ಸೈನ್ಯದಿಂದ ಜಾರಿಕೊಂಡ. ಹೋದದ್ದು ಉತ್ತರಕ್ಕೆ, ಲಕ್ಷ್ಮೇಶ್ವರದ ಕಡೆಗೆ.

ಅಲ್ಲಿಗೇ ಯಾಕೆ ಹೋದ ಅಂತ ಮ್ಯಾಪ್ ನೋಡಿದರೆ ಗೊತ್ತಾಗುತ್ತದೆ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಬೇಕಾಯಿತು, ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕಾಯಿತು. ತುಂಗಭದ್ರೆಯ ಆಚೆಯ ಧಾರವಾಡದ ಸೀಮೆ ಮರಾಠರಿಗೆ ಹೋಯಿತು. ಅಂದರೆ ಸೈನ್ಯ ಬಿಟ್ಟವನು ಹೊಳೆ ದಾಟಿದರೆ ಸಾಕು, ಟಿಪ್ಪುವಿನ ಕೈ ಅವನಿಗೆ ತಾಗುವುದಿಲ್ಲ. ಆಗಿನ ಕಾಲದಲ್ಲಿ ಸೈನ್ಯ ಬಿಟ್ಟು ಹೋದವನನ್ನು ಕಾಪಾಡುತ್ತಿದ್ದದ್ದು ಇದೇ ಗಡಿ. ಈ ಗಡಿಯ ವಿಷಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1793ರ ಜನವರಿಯಲ್ಲಿ ಧೋಂಡಿಯ ತನ್ನದೇ ದಂಡು ಕಟ್ಟಿಕೊಂಡು ಹೊರಟ. ಹಾವೇರಿ, ಸವಣೂರು ಅವನ ಕೈಗೆ ಬಂದವು. ಊರು ಊರಿಗೆ ಹೋಗಿ ಹಣ ವಸೂಲಿ ಮಾಡಿದ. ಆ ಊರಿನವರ ಕಡೆಯಿಂದ ನೋಡಿದರೆ ಇದು ಲೂಟಿಯೇ, ಅದರಲ್ಲಿ ಎರಡು ಮಾತಿಲ್ಲ. ಮರಾಠರು ಧೋಂಡೋಪಂತ ಗೋಖಲೆ ಎಂಬ ಸರದಾರನನ್ನು ಅವನ ಮೇಲೆ ಕಳುಹಿಸಿದರು. ಗೋಖಲೆಯ ಎದುರು ನಿಲ್ಲಲಿಕ್ಕೆ ಆಗದೆ, 1794ರ ಜೂನ್‌ನಲ್ಲಿ ಸುಮಾರು 200 ಸವಾರರ ಜೊತೆ ಧೋಂಡಿಯ ತಿರುಗಿ ಹೋದದ್ದು ಎಲ್ಲಿಗೆ ಅಂದುಕೊಂಡಿರಿ? ತಾನು ಬಿಟ್ಟು ಬಂದ ಅದೇ ಟಿಪ್ಪುವಿನ ಹತ್ತಿರ.

ಟಿಪ್ಪು ಸೇರಿಸಿಕೊಂಡ. ಆದರೆ ಇಸ್ಲಾಂಗೆ ಮತಾಂತರ ಮಾಡಿಸಿದ. ಮಲಿಕ್ ಜಹಾನ್ ಖಾನ್ ಅನ್ನುವ ಹೆಸರು ಬಂದದ್ದು ಹಾಗೆ. ನಂತರ ಬೇಡಿ ಹಾಕಿ ಶ್ರೀರಂಗಪಟ್ಟಣದ ಸೆರೆಮನೆಗೆ ತಳ್ಳಿದ. ಸೈನ್ಯ ಬಿಟ್ಟು ಹೋದದ್ದಕ್ಕೆ ಶಿಕ್ಷೆಯೋ, ಮುಂದೆ ಮತ್ತೆ ಕೈಕೊಟ್ಟಾನು ಎಂಬ ಹೆದರಿಕೆಯೋ, ಎರಡೂ ಇದ್ದಿರಬಹುದು. ಒಂದು ವಿಷಯ ಸ್ಪಷ್ಟ: ಎಷ್ಟು ವರ್ಷ ಅಂತ ಲೆಕ್ಕ ಹಾಕಿ ಕೊಟ್ಟ ಶಿಕ್ಷೆ ಅದಲ್ಲ. ಸುಲ್ತಾನ ಬಿಡು ಅನ್ನುವ ತನಕ ಒಳಗೆ. ಸುಲ್ತಾನ ಬಿಡು ಅನ್ನಲೇ ಇಲ್ಲ.

1799ರ ಮೇ 4. ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ. ಸೆರೆಮನೆಯ ಬಾಗಿಲು ತೆಗೆದರು. ಹೊರಗೆ ಬಂದವರಲ್ಲಿ ಧೋಂಡಿಯನೂ ಒಬ್ಬ.

ಆ ದಿನ ಹೊರಗಿನ ಪರಿಸ್ಥಿತಿ ಹೇಗಿತ್ತು ನೋಡಿ. ಮೈಸೂರಿನ ದೊಡ್ಡ ಸೈನ್ಯ ಒಂದೇ ಮಧ್ಯಾಹ್ನದಲ್ಲಿ ಧಣಿ ಇಲ್ಲದ ಸೈನ್ಯವಾಯಿತು. ಸಾವಿರಾರು ಜನ ಸವಾರರಿಗೆ, ಕಾಲಾಳುಗಳಿಗೆ ಸಂಬಳ ಇಲ್ಲ, ಕೆಲಸ ಇಲ್ಲ. ಅವರು ಯಾರೂ ಸೈನ್ಯ ಬಿಟ್ಟು ಹೋದವರಲ್ಲ, ಸೈನ್ಯವೇ ಅವರನ್ನು ಬಿಟ್ಟು ಹೋದದ್ದು. ಹೊಸ ಸರಕಾರದಲ್ಲಿ ಎಲ್ಲರಿಗೂ ಜಾಗ ಇರಲಿಲ್ಲ. ಜೂನ್ 30ಕ್ಕೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು, ಆದರೆ ನಿಜವಾದ ಅಧಿಕಾರ ಯಾರ ಕೈಯಲ್ಲಿತ್ತು ಅಂತ ಎಲ್ಲರಿಗೂ ಗೊತ್ತಿತ್ತು. ಇಂಥ ಜನ ಧೋಂಡಿಯನ ಸುತ್ತ ಸೇರಿದರು. ಬಿದನೂರು, ಶಿಕಾರಿಪುರದ ಕಡೆಯ ಕೋಟೆಗಳು ಅವನ ಕೈ ಸೇರಿದವು.

ಇದೇ ಸಮಯಕ್ಕೆ ಘಟ್ಟದ ಕೆಳಗೆ ನಮ್ಮ ಕಡೆ ಏನಾಗುತ್ತಿತ್ತು ಅಂತ ತಿಳಿಯಬೇಕಾದರೆ ಗಡಾಯಿಕಲ್ಲು ನೋಡಿದರೆ ಸಾಕು. ಬಂಟ್ವಾಳದಿಂದಲೋ ಮೂಡುಬಿದಿರೆಯಿಂದಲೋ ಬೆಳ್ತಂಗಡಿಗೆ ಹೋದವರಿಗೆ ಆ ಬೋಳು ಬಂಡೆಯ ಗುರುತು ಹೇಳಬೇಕಾಗಿಲ್ಲ. ಸುಮಾರು 1700 ಅಡಿ ಎತ್ತರದ ಅದರ ನೆತ್ತಿಯಲ್ಲಿ ಟಿಪ್ಪು 1794ರ ಹೊತ್ತಿಗೆ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಅಂತ ಕರೆದ. ಅಂದರೆ ಧೋಂಡಿಯ ಶ್ರೀರಂಗಪಟ್ಟಣದಲ್ಲಿ ಬೇಡಿ ಹಾಕಿಸಿಕೊಂಡ ಸುಮಾರಿಗೆ ಇಲ್ಲಿ ಮೆಟ್ಟಿಲು ಕಡಿಯುತ್ತಿದ್ದರು. 1799ರಲ್ಲಿ ಈ ಕೋಟೆಯನ್ನು ಬ್ರಿಟಿಷರು ಹಿಡಿದರು. 1800ರಲ್ಲಿ ತಿಮ್ಮನಾಯಕ ಎಂಬವನ ಜನ ಅನಿರೀಕ್ಷಿತವಾಗಿ ನುಗ್ಗಿ ಅದನ್ನು ಕಿತ್ತುಕೊಂಡರು, ಬ್ರಿಟಿಷರು ಮತ್ತೊಮ್ಮೆ ಮುತ್ತಿಗೆ ಹಾಕಿ ತೆಗೆದುಕೊಳ್ಳಬೇಕಾಯಿತು. ಸುಲ್ತಾನ ಸತ್ತ ಕೂಡಲೇ ಯುದ್ಧ ಮುಗಿಯಲಿಲ್ಲ ಅನ್ನುವುದಕ್ಕೆ ಘಟ್ಟದ ಮೇಲೆ ಧೋಂಡಿಯ ಒಂದು ಸಾಕ್ಷಿ, ಘಟ್ಟದ ಕೆಳಗೆ ಗಡಾಯಿಕಲ್ಲು ಇನ್ನೊಂದು. ಆಗ ಕೆನರಾ ಜಿಲ್ಲೆಯ ಕಲೆಕ್ಟರ್ ಆಗಿದ್ದದ್ದು ಥಾಮಸ್ ಮನ್ರೋ. ಧೋಂಡಿಯನ ವಿಷಯದಲ್ಲಿ ಅವನು ಬರೆದ ಅಭಿಪ್ರಾಯ ಉಂಟು: ತಡೆಯಲು ಯಾರೂ ಇಲ್ಲದೆ ಹೋಗಿದ್ದರೆ ಈ ಮನುಷ್ಯ ಸ್ವತಂತ್ರ ರಾಜನಾಗಿ ಹೊಸ ವಂಶವನ್ನೇ ಕಟ್ಟುತ್ತಿದ್ದ ಎಂಬ ಅರ್ಥದ್ದು. ಬರೀ ಕಳ್ಳನ ಬಗ್ಗೆ ಯಾವ ಕಲೆಕ್ಟರೂ ಹೀಗೆ ಬರೆಯಲಿಕ್ಕಿಲ್ಲ.

1799ರ ಆಗಸ್ಟಿನಲ್ಲಿ ಸ್ಟೀವನ್‌ಸನ್, ಡಾಲ್ರಿಂಪಲ್ ಎಂಬ ಇಬ್ಬರು ಅಧಿಕಾರಿಗಳ ದಂಡು ಬಂದು ಶಿಕಾರಿಪುರ ಹಿಡಿಯಿತು. ಧೋಂಡಿಯ ಹಳೆಯ ಉಪಾಯವನ್ನೇ ಮಾಡಿದ. ತುಂಗಭದ್ರೆ ದಾಟಿ ಮರಾಠರ ನೆಲಕ್ಕೆ ಹೋದ. ಅಲ್ಲಿ ಹಳೆಯ ವೈರಿ ಗೋಖಲೆ ಕಾದಿದ್ದ. ಆನೆ, ಒಂಟೆ, ತೋಪು ಎಲ್ಲ ಕಳೆದುಕೊಂಡು ಧೋಂಡಿಯ ಕೊಲ್ಲಾಪುರದ ರಾಜನ ಕೈಕೆಳಗೆ ಸೇರಿದ. ಅಲ್ಲಿಯೂ ಹೆಚ್ಚು ದಿನ ನಿಲ್ಲಲಿಲ್ಲ. 1800ರ ಬೇಸಿಗೆಯ ಹೊತ್ತಿಗೆ ಪುನಃ ಸಾವಿರಾರು ಸವಾರರ ಸ್ವಂತ ದಂಡು, ಜೊತೆಗೆ ಉಭಯ ಲೋಕಾಧೀಶ್ವರ ಎಂಬ ಬಿರುದು. ಈ ಲೋಕ ಮಾತ್ರ ಸಾಕಾಗಲಿಲ್ಲ, ಪರಲೋಕಕ್ಕೂ ತಾನೇ ಒಡೆಯ!

ಈಗ ಗಡಿಯ ವಿಷಯಕ್ಕೆ ಬರುವ. ಮೈಸೂರಿನ ಬ್ರಿಟಿಷ್ ದಂಡಿನ ಜವಾಬ್ದಾರಿ ಇದ್ದದ್ದು ಆರ್ಥರ್ ವೆಲ್ಲೆಸ್ಲಿ ಕೈಯಲ್ಲಿ. ಗವರ್ನರ್ ಜನರಲನ ತಮ್ಮ, ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಬಟೇವಿಯಾದ ದಂಡಯಾತ್ರೆಗೆ ಹೋಗುವ ಅವಕಾಶ ಬಂದಾಗ ಅದನ್ನೂ ಬಿಟ್ಟು ಧೋಂಡಿಯನ ಹಿಂದೆ ಬೀಳಲು ಅವನು ಇಲ್ಲೇ ಉಳಿದ. ಈ ಸಲ ಕಂಪೆನಿಯವರು ಪೇಶ್ವೆಯ ಕಡೆಯಿಂದ ಮರಾಠರ ನೆಲಕ್ಕೆ ನುಗ್ಗಲು ಮೊದಲೇ ಒಪ್ಪಿಗೆ ಪಡೆದಿದ್ದರು. ಹತ್ತು ವರ್ಷ ಧೋಂಡಿಯನನ್ನು ಕಾಪಾಡಿದ ಗಡಿ ಒಂದು ಕಾಗದದಿಂದ ಇಲ್ಲದಂತಾಯಿತು. ಮದ್ರಾಸ್ ಸರಕಾರದಿಂದ ವೆಲ್ಲೆಸ್ಲಿಗೆ ಬಂದ ಆದೇಶವೂ ಅಷ್ಟೇ ಚಿಕ್ಕದು: ಎಲ್ಲಿ ಸಿಕ್ಕಿದರೂ ಬೆನ್ನು ಹತ್ತಿ, ಸಿಕ್ಕಿದ ಮೊದಲ ಮರಕ್ಕೆ ಗಲ್ಲಿಗೆ ಹಾಕಿ ಎಂದು. ವಿಚಾರಣೆ ಮಾಡಿ ಅಂತ ಅದರಲ್ಲಿ ಇರಲಿಲ್ಲ.

ಜೂನ್ ತಿಂಗಳಲ್ಲಿ ವೆಲ್ಲೆಸ್ಲಿ ಹರಿಹರದ ಹತ್ತಿರ ತುಂಗಭದ್ರೆ ದಾಟಿದ. ರಾಣೆಬೆನ್ನೂರು ಬಿತ್ತು. ಜೂನ್ 30ಕ್ಕೆ ಧೋಂಡಿಯ ಕಿತ್ತೂರಿನ ಕಡೆ ಗೋಖಲೆಯ ಮೇಲೆ ಬಿದ್ದು ಅವನನ್ನು ಕೊಂದು ಹಾಕಿದ. ಆದರೆ ಅದೇ ಅವನ ಕೊನೆಯ ದೊಡ್ಡ ಗೆಲುವು. ಜುಲೈ 26ಕ್ಕೆ ಡಂಬಳ ಹೋಯಿತು. ಜುಲೈ 30ಕ್ಕೆ ಮಲಪ್ರಭೆಯ ದಡದಲ್ಲಿ ಮುನವಳ್ಳಿಯ ಹತ್ತಿರ ಅವನ ಸಾಮಾನು ಸರಂಜಾಮು, ಪ್ರಾಣಿಗಳು ಎಲ್ಲ ವೆಲ್ಲೆಸ್ಲಿಯ ಕೈಗೆ ಸಿಕ್ಕಿದವು. ಆಮೇಲೆ ಒಂದೂವರೆ ತಿಂಗಳು ಬರೀ ಓಟ. 1800ರ ಸೆಪ್ಟೆಂಬರ್ 10ಕ್ಕೆ, ಆಗ ನಿಜಾಮನ ನೆಲವಾಗಿದ್ದ ರಾಯಚೂರು ಸೀಮೆಯ ಕೋನಗಲ್‌ನಲ್ಲಿ ಎರಡು ಕಡೆಯವರೂ ಎದುರಾದರು. ಧೋಂಡಿಯನ ಹತ್ತಿರ ಸುಮಾರು 5000 ಸವಾರರು. ವೆಲ್ಲೆಸ್ಲಿಯ ಹತ್ತಿರ ನಾಲ್ಕೇ ರೆಜಿಮೆಂಟ್ ಅಶ್ವದಳ. ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನುಗ್ಗಿಸಿದ. ಧೋಂಡಿಯ ಆ ಹೊಡೆತದಲ್ಲಿ ಸತ್ತ. ಗುರುತು ಸಿಕ್ಕಿದ ಮೇಲೆ ಅವನ ಹೆಣವನ್ನು ತೋಪಿನ ಗಾಡಿಗೆ ಕಟ್ಟಿ ಬ್ರಿಟಿಷ್ ಬಿಡಾರಕ್ಕೆ ತಂದರು. ಮರ ಹುಡುಕುವ ಕೆಲಸ ಉಳಿಯಿತು.

ಈಗ ಮೊದಲಿನ ಪ್ರಶ್ನೆಗೆ ಬರುವ. ಧೋಂಡಿಯನ ಅಪರಾಧ ಯಾವುದು?

ಸೈನ್ಯ ಬಿಟ್ಟು ಹೋದದ್ದು ಅನ್ನುವುದಾದರೆ ಅದು ಟಿಪ್ಪುವಿನ ಸೈನ್ಯ, ಟಿಪ್ಪು ಈಗ ಇಲ್ಲ. ಐದು ವರ್ಷದ ಹತ್ತಿರ ಹತ್ತಿರ ಜೈಲೂ ಆಗಿದೆ. ಕಂಪೆನಿಯ ಸೈನ್ಯಕ್ಕೆ ಅವನು ಯಾವತ್ತೂ ಸೇರಿದವನಲ್ಲ, ಹಾಗಾಗಿ ಕಂಪೆನಿಯ ಲೆಕ್ಕದಲ್ಲಿ ಸೈನ್ಯ ಬಿಟ್ಟವನೂ ಅಲ್ಲ, ದ್ರೋಹಿಯೂ ಅಲ್ಲ. ಎದುರಾಳಿ ಸೈನ್ಯದ ನಾಯಕ ಅನ್ನುವುದಾದರೆ ಸೆರೆ ಹಿಡಿಯಬಹುದು, ಮರಕ್ಕೆ ಹಾಕುವ ಹಾಗಿಲ್ಲ. ಊರು ದೋಚಿದ್ದಕ್ಕೆ ಅನ್ನುವುದಾದರೆ ಅದು ದೊಡ್ಡ ಅಪರಾಧ ಹೌದು, ಆದರೆ ಅದಕ್ಕೂ ಸಾಕ್ಷಿ, ವಿಚಾರಣೆ ಬೇಕಲ್ವಾ? ಹಾಗಾಗಿ ಅವನಿಗೆ ಡಕಾಯಿತ ಅಂತ ಹೆಸರಿಟ್ಟರು. ಆ ಹೆಸರು ಬಿದ್ದ ಮೇಲೆ ಬಾಕಿ ಯಾವ ಪ್ರಶ್ನೆಯೂ ಏಳುವುದಿಲ್ಲ.

ಇದರಲ್ಲಿ ಇನ್ನೊಂದು ವಿಷಯ ಉಂಟು. ಬ್ರಿಟಿಷರಿಗೆ ಇದರ ಕಾನೂನು ಗೊತ್ತಿರಲಿಲ್ಲ ಅಂತ ಅಲ್ಲ. 1689ರಲ್ಲೇ ಅವರ ಪಾರ್ಲಿಮೆಂಟು ಮ್ಯೂಟಿನಿ ಆಕ್ಟ್ ಮಾಡಿತ್ತು. ದಂಗೆ ಎದ್ದ ಸೈನಿಕನಿಗೆ, ಸೈನ್ಯ ಬಿಟ್ಟು ಹೋದ ಸೈನಿಕನಿಗೆ ಮರಣದಂಡನೆ ಕೊಡಬಹುದು, ಆದರೆ ಕೋರ್ಟ್ ಮಾರ್ಷಲ್ ಕೂತು ವಿಚಾರಣೆ ಮಾಡಿದ ಮೇಲೆಯೇ ಅಂತ ಅದರಲ್ಲಿತ್ತು. ತಮ್ಮ ಸೈನಿಕನಿಗೆ ಇದ್ದ ಆ ಒಂದು ಮೆಟ್ಟಿಲು ಧೋಂಡಿಯನಿಗೆ ಇರಲಿಲ್ಲ. ಟಿಪ್ಪುವಿನ ಸೆರೆಮನೆಯಲ್ಲಿಯೂ ಇರಲಿಲ್ಲ, ವೆಲ್ಲೆಸ್ಲಿಯ ಆದೇಶದಲ್ಲಿಯೂ ಇರಲಿಲ್ಲ. ಇಬ್ಬರು ಶತ್ರುಗಳು ಈ ಒಂದು ವಿಷಯದಲ್ಲಿ ಒಂದೇ ರೀತಿ ನಡೆದುಕೊಂಡರು.

ಇವತ್ತಿನ ನಮ್ಮ ಕಾನೂನು ಹೇಗುಂಟು? ನಮ್ಮ ಜೊತೆ ಶಾಲೆಯಲ್ಲಿ ಕೂತವರು ಕೆಲವರು ಈಗ ಸೈನ್ಯದಲ್ಲಿದ್ದಾರೆ, ಕ್ಯಾಂಪಸ್‌ನಲ್ಲಿ ಎನ್‌ಸಿಸಿ ಮಾಡಿ ಮುಂದೆ ಸೇರಬೇಕು ಅನ್ನುವವರೂ ಇದ್ದಾರೆ, ಹಾಗಾಗಿ ಇದು ಗೊತ್ತಿರುವುದು ಒಳ್ಳೆಯದು. 1950ರ ಸೇನಾ ಕಾಯ್ದೆಯ 38ನೇ ಕಲಂ ಸೈನ್ಯ ಬಿಟ್ಟು ಹೋಗುವುದರ ಬಗ್ಗೆ. ಯುದ್ಧದಂಥ ಸಕ್ರಿಯ ಸೇವೆಯಲ್ಲಿದ್ದಾಗ, ಅಥವಾ ಅದಕ್ಕೆ ಹೊರಡಲು ಆದೇಶ ಬಂದಾಗ ಬಿಟ್ಟು ಹೋದರೆ ಮರಣದಂಡನೆಯ ತನಕ ಶಿಕ್ಷೆ ಆಗಬಹುದು. ಬೇರೆ ಸಮಯದಲ್ಲಿ 7 ವರ್ಷದ ತನಕ ಜೈಲು. ರಜೆ ಇಲ್ಲದೆ ಗೈರುಹಾಜರಾಗುವುದು ಬೇರೆಯೇ ಅಪರಾಧ, ಅದು 39ನೇ ಕಲಂ, 3 ವರ್ಷದ ತನಕ ಜೈಲು. ಎರಡಕ್ಕೂ ವ್ಯತ್ಯಾಸ ಇರುವುದು ಉದ್ದೇಶದಲ್ಲಿ. ರಜೆ ಮುಗಿದು ಊರಿನಲ್ಲಿ ನಾಲ್ಕು ದಿನ ಹೆಚ್ಚು ಉಳಿದವನೂ, ಇನ್ನು ಹೋಗುವುದೇ ಇಲ್ಲ ಅಂತ ತೀರ್ಮಾನ ಮಾಡಿದವನೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ಎನ್‌ಸಿಸಿಯ ಕೆಡೆಟ್‌ಗಳಿಗೆ ಇದು ಯಾವುದೂ ಅನ್ವಯಿಸುವುದಿಲ್ಲ. ಪರೇಡ್ ತಪ್ಪಿಸಿದರೆ ಅಟೆಂಡೆನ್ಸ್ ಹೋಗುತ್ತದೆ, ಅಷ್ಟೇ.

ಜವಾನ ಬಾರದೆ 30 ದಿನ ಆದರೆ ಒಂದು ವಿಚಾರಣಾ ಮಂಡಳಿ ಕೂರುತ್ತದೆ. ಸಾಕ್ಷಿ ಕೇಳಿ, ಅವನು ಗೈರುಹಾಜರು ಅಂತ ದಾಖಲೆ ಮಾಡುತ್ತದೆ. ಅನಂತರವೂ ಬಾರದಿದ್ದರೆ, ಸಿಕ್ಕದಿದ್ದರೆ, ಸೈನ್ಯ ಬಿಟ್ಟವನು ಅಂತ ಲೆಕ್ಕ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, ಆದರೆ ಹಿಡಿದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕೋರ್ಟ್ ಮಾರ್ಷಲ್‌ನಲ್ಲಿ ಅವನ ಪರವಾಗಿ ಮಾತಾಡಲು ಜನ ಇರುತ್ತಾರೆ. ಕೂತ ಸದಸ್ಯರ ಬಗ್ಗೆ ಅವನು ಆಕ್ಷೇಪ ಹೇಳಬಹುದು. ಜನರಲ್ ಕೋರ್ಟ್ ಮಾರ್ಷಲ್ ಮರಣದಂಡನೆ ಕೊಡಬೇಕಾದರೆ ಮೂರನೇ ಎರಡರಷ್ಟು ಸದಸ್ಯರು ಒಪ್ಪಬೇಕು. ತೀರ್ಪು ಮೇಲಿನವರು ಖಾಯಂ ಮಾಡುವ ತನಕ ಜಾರಿಗೆ ಬರುವುದಿಲ್ಲ. 2007ರ ಕಾಯ್ದೆಯ ಪ್ರಕಾರ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಅಪೀಲು ಹೋಗುವ ದಾರಿಯೂ ಉಂಟು.

ಮರಳಿ ಬಂದವನಿಗೂ ಕಾನೂನಿನಲ್ಲಿ ಒಂದು ಸಣ್ಣ ಬಾಗಿಲು ಇಟ್ಟಿದ್ದಾರೆ. ಸಕ್ರಿಯ ಸೇವೆಯಲ್ಲಿ ಅಲ್ಲದೆ ಬೇರೆ ಸಮಯದಲ್ಲಿ ಸೈನ್ಯ ಬಿಟ್ಟು ಹೋಗಿ, ಅನಂತರ ಕನಿಷ್ಠ 3 ವರ್ಷ ಸತತವಾಗಿ ಒಳ್ಳೆಯ ಮಾದರಿಯಲ್ಲಿ ಸೇವೆ ಮಾಡಿದರೆ, ಅಧಿಕಾರಿ ಅಲ್ಲದ ಸೈನಿಕನನ್ನು ಆ ಹಳೆಯ ಅಪರಾಧಕ್ಕೆ ವಿಚಾರಣೆಗೆ ಎಳೆಯುವ ಹಾಗಿಲ್ಲ. ಧೋಂಡಿಯ ಬಿಟ್ಟದ್ದು ಯುದ್ಧದ ನಡುವೆ, ಹಾಗಾಗಿ ಅವನಿಗೆ ಈ ಬಾಗಿಲು ಸಿಗುತ್ತಿರಲಿಲ್ಲ. ಇವತ್ತಿನ ಕಾನೂನಿನ ಮುಂದೆ ನಿಲ್ಲಿಸಿದರೂ ಅವನಿಗೆ ಮರಣದಂಡನೆಯೇ ಆಗುವ ಸಾಧ್ಯತೆ ಇತ್ತು. ನಮ್ಮ ಕಾನೂನು ಮೆದು ಅಂತ ನಾವು ಹೇಳುವುದಿಲ್ಲ. ಯುದ್ಧದಲ್ಲಿ ಒಬ್ಬ ಓಡಿದರೆ ಪಕ್ಕದಲ್ಲಿ ನಿಂತವನ ಜೀವ ಹೋಗುತ್ತದೆ, ಕಾನೂನು ಗಟ್ಟಿ ಇರಲೇಬೇಕು. ವ್ಯತ್ಯಾಸ ಇಷ್ಟು: ಇವತ್ತು ಯಾಕೆ ಬಿಟ್ಟು ಹೋದೆ ಅಂತ ಅವನನ್ನು ಒಮ್ಮೆಯಾದರೂ ಕೇಳಲೇಬೇಕು, ಅವನ ಉತ್ತರವನ್ನು ಬರೆದುಕೊಳ್ಳಲೇಬೇಕು. ಧೋಂಡಿಯನನ್ನು ಯಾರೂ ಕೇಳಲಿಲ್ಲ. ಅವನು ಟಿಪ್ಪುವನ್ನು ಬಿಟ್ಟದ್ದು ಹೆದರಿಯೋ, ಆಸೆಗೋ, ಸಿಟ್ಟಿಗೋ ಅಂತ ಅವನ ಬಾಯಿಂದ ಬಂದ ಒಂದು ಮಾತೂ ನಮ್ಮ ಪುಸ್ತಕಗಳಲ್ಲಿ ಇಲ್ಲದಿರುವುದು ಅದಕ್ಕೇ. ಅವನ ಕಥೆಯನ್ನೆಲ್ಲ ಬರೆದವರು ಅವನನ್ನು ಹಿಡಿಯಲು ಹೋದವರು.

ಸೈನ್ಯ ಬಿಟ್ಟವನಿಗೆ ಮನೆಯಲ್ಲಿ ಜಾಗ ಕೊಟ್ಟು ಅಡಗಿಸಿದವರಿಗೂ ಶಿಕ್ಷೆ ಉಂಟು. ಭಾರತೀಯ ನ್ಯಾಯ ಸಂಹಿತೆಯ 164ನೇ ಕಲಂ ಪ್ರಕಾರ 2 ವರ್ಷದ ತನಕ ಜೈಲು. ಆದರೆ ಅವನ ಹೆಂಡತಿ ಅಥವಾ ಗಂಡನಿಗೆ ಇದು ಅನ್ವಯಿಸುವುದಿಲ್ಲ. ಓಡಿ ಬಂದು ಬಾಗಿಲು ತಟ್ಟಿದವನನ್ನು ಹೆಂಡತಿ ಹೊರಗೆ ತಳ್ಳಬೇಕು ಅಂತ ಕಾನೂನು ಕೇಳುವುದಿಲ್ಲ.

ಸಂಸಾರದ ಮಾತು ಬಂದದ್ದರಿಂದ ಕೋನಗಲ್‌ನ ಇನ್ನೊಂದು ವಿಷಯ ಹೇಳಿ ಮುಗಿಸುತ್ತೇವೆ. ಆ ದಿನ ಧೋಂಡಿಯನ ಸಾಮಾನುಗಳ ನಡುವೆ ಸುಮಾರು ನಾಲ್ಕು ವರ್ಷದ ಒಬ್ಬ ಹುಡುಗ ಸಿಕ್ಕಿದ. ಹೆಸರು ಸಲಾಬತ್ ಖಾನ್, ಧೋಂಡಿಯನ ಮಗ. ಅಪ್ಪನನ್ನು ಮರಕ್ಕೆ ಹಾಕುವ ಆದೇಶ ಹಿಡಿದು ಬಂದಿದ್ದ ವೆಲ್ಲೆಸ್ಲಿ ಹುಡುಗನನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದ. ಇಂಡಿಯಾ ಬಿಟ್ಟು ಹೋಗುವಾಗ ಅವನ ಖರ್ಚಿಗೆ ಅಂತ ಹಣ ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಮಹಾರಾಜರ ಸೇವೆಗೆ ಸೇರಿದ. ಅಪ್ಪ ಬಿಟ್ಟು ಹೋದ ಮೈಸೂರಿನ ಸೇವೆಯಲ್ಲಿಯೇ ಮಗ ಕೊನೆಯ ತನಕ ಇದ್ದ. 1822ರಲ್ಲಿ ಕಾಲರಾ ಬಂದು ತೀರಿಕೊಂಡ.